ಕಿಕ್ ತೆಗೆದು ಹಾಡಿಗೆ ಜಾಗ ಕೊಟ್ಟವರು

ಬ್ರಿಟಿಷ್ ಗಾಯಕ ಕ್ರೇಗ್ ಡೇವಿಡ್ ಅಂದಾಗ ಅರ್ಧ ಸಭೆ ತಲೆಯಾಡಿಸಿತು. ಮಾರ್ಕ್ ಹಿಲ್, ಪೀಟ್ ಡೆವೆರೊ ಅಂದಾಗ ಎಲ್ಲರೂ ಸುಮ್ಮನಾದಿರಿ. ನನ್ನ ತಕರಾರು ಇರುವುದೇ ಅಲ್ಲಿ. ಇಂಗ್ಲೆಂಡಿನ ಸೌತಾಂಪ್ಟನ್‌ನ ಈ ಸಂಗೀತ ನಿರ್ಮಾಪಕ ಜೋಡಿ, ಅಂದರೆ ‘ಆರ್ಟ್‌ಫುಲ್ ಡಾಡ್ಜರ್’, ಆ ಹುಡುಗನ ಪಕ್ಕವಾದ್ಯದವರಲ್ಲ. ಅವನಿಗೆ ಹಾಡಲು ಜಾಗ ಮಾಡಿಕೊಟ್ಟದ್ದು ಇವರ ಡ್ರಮ್.

ಹೇಗೆ ಅಂತ ನೋಡಿ. ಒಂದು ಆವರ್ತವನ್ನು 16 ಮನೆ ಮಾಡಿ. ಹೌಸ್ ಎಂಬ ಕ್ಲಬ್ ನೃತ್ಯಸಂಗೀತದಲ್ಲಿ 1, 5, 9, 13ರಲ್ಲಿ ಕಿಕ್, ಅಂದರೆ ದೊಡ್ಡ ಡ್ರಮ್ಮಿನ ‘ಧಂ’ ಪೆಟ್ಟು, ಬೀಳುತ್ತದೆ, ಸಂದೇಹವೇ ಇಲ್ಲ. ಈ ಜೋಡಿಯ ಶೈಲಿಯಾದ ಟೂ-ಸ್ಟೆಪ್ ಗ್ಯಾರೇಜಿನಲ್ಲಿ 1ನ್ನು ಮಾತ್ರ ಉಳಿಸಿ. 5 ಮತ್ತು 13ನ್ನು ಸ್ನೇರ್‌ಗೆ, ಅಂದರೆ ‘ಚಟ್’ ಎನ್ನುವ ಚಿಕ್ಕ ಡ್ರಮ್ಮಿಗೆ, ಬಿಟ್ಟುಕೊಡಿ. 9ರದನ್ನು ಎತ್ತಿ 11ಕ್ಕೆ ಹಾಕಿ. ಹೈ-ಹ್ಯಾಟ್ ಎಂಬ ಜೋಡಿ ತಾಳ 3, 7, 11, 15ರಲ್ಲಿ. ವೇಗ ನಿಮಿಷಕ್ಕೆ 130 ಬೀಟ್.

ಇಷ್ಟು ಮಾಡಿ ಕೆಲವರು ಪೆಟ್ಟುಗಳನ್ನು ತುಸು ತಡಮಾಡುವ ಸ್ವಿಂಗ್ ಗುಂಡಿ ತಿರುಗಿಸುತ್ತಾರೆ, ಏನೂ ಬದಲಾಗುವುದಿಲ್ಲ! ಯಾಕೆ? ಸ್ವಿಂಗ್ ತಳ್ಳುವುದು ಸಮಸಂಖ್ಯೆಯ ಮನೆಗಳನ್ನು; ನಾವು ತುಂಬಿದ್ದೆಲ್ಲ ಬೆಸ. 8, 10, 16ರಲ್ಲಿ ಮೆಲ್ಲನೆಯ ಸ್ನೇರ್ ಇಟ್ಟು, ಸ್ವಿಂಗನ್ನು ಶೇಕಡಾ 58ಕ್ಕೆ ತನ್ನಿ. ಆ ಪೆಟ್ಟುಗಳು ಸುಮಾರು 18 ಮಿಲಿಸೆಕೆಂಡ್ ತಡವಾಗುತ್ತವೆ. ಕಾಲು ತಾನೇ ಏಳುತ್ತದೆ. 66ರ ಹತ್ತಿರ ಹೋದರೆ ಅದು ನಮ್ಮ ತಿಶ್ರ ನಡೆಯೇ, ಮೂರರ ಗತಿಯೇ, ಆಗಿಬಿಡುತ್ತದೆ, ಮೃದಂಗದವರು ನಗುತ್ತಿದ್ದೀರಿ. ಬೇಸ್‌ಗೂ, ಅಂದರೆ ತಗ್ಗಿನ ಸ್ವರಗಳ ಸಾಲಿಗೂ, ಅದೇ ಸ್ವಿಂಗ್ ಕೊಡಿ, ಇಲ್ಲವಾದರೆ ಬೇಸ್ ಒಂದು ಕ್ಷಣ ಮೊದಲೇ ಬಂದು, ಒಂದೇ ಪೆಟ್ಟು ಎರಡಾಗಿ ಒಡೆದು ಕೇಳುತ್ತದೆ.

ಇದನ್ನು ಈ ಇಬ್ಬರು ಕಂಡುಹಿಡಿದರೆಂದು ನಾನು ಹೇಳುತ್ತಿಲ್ಲ. ಅಮೆರಿಕದ ನ್ಯೂಜೆರ್ಸಿಯ ನಿರ್ಮಾಪಕ ಟಾಡ್ ಎಡ್ವರ್ಡ್ಸ್ ಗಾಯನವನ್ನು ಚೂರುಚೂರು ಮಾಡಿ ಹೊಲಿದಿದ್ದರು, ಲಂಡನ್ನಿನ ಪರವಾನಗಿಯಿಲ್ಲದ ಕಳ್ಳ ರೇಡಿಯೋಗಳು ಆ ನಾದವನ್ನು ಊರಿಗೆಲ್ಲ ಹಂಚಿದ್ದವು. ಇವರು ಮಾಡಿದ್ದು ಬೇರೆ: 9ನೇ ಮನೆಯ ಆ ಖಾಲಿಯಲ್ಲಿ ಚೂರುಗಳ ಬದಲು ಇಡೀ ಹಾಡನ್ನು ಕೂರಿಸಿದರು. ಆ ಹುಡುಗ ಅಷ್ಟು ಚುರುಕಾಗಿ ಅಕ್ಷರ ಉದುರಿಸಿದರೂ ಒಂದೊಂದೂ ಸ್ಪಷ್ಟವಾಗಿ ಕೇಳುವುದು ಅದಕ್ಕೇ. ಜಾಗ, ಜಾಗ! ಮತ್ತೆ ಅದನ್ನೇ ಹೇಳುತ್ತಿದ್ದೇನೆ, ಹೇಳುತ್ತಲೇ ಇರುತ್ತೇನೆ.

ಈಗ ನನಗೆ ಪ್ರಿಯವಾದ ಪ್ರಸಂಗ. 1999ರ ಕೊನೆ. ಈ ಜೋಡಿಗೆ ಕ್ರೇಗ್ ಡೇವಿಡ್ ಹಾಡಿದ ‘ರೀ-ರಿವೈಂಡ್’ ಬಿಡುಗಡೆಯಾಯಿತು. ಜನ ಕೂಗಿದರೆ ಡಿಜೆ ಹಾಡಿನ ತಟ್ಟೆಯನ್ನು ಹಿಂದಕ್ಕೆಳೆದು ಮತ್ತೆ ಮೊದಲಿಂದ ಹಾಕಬೇಕೆನ್ನುವ ಕ್ಲಬ್ಬಿನ ಪದ್ಧತಿಯೇ ಹಾಡಾಗಿತ್ತು. ಹಾಡಿದವನಿಗೆ 18 ವರ್ಷ. ಬ್ರಿಟಿಷ್ ಹಾಡುಗಳ ಮಾರಾಟದ ಪಟ್ಟಿಯಲ್ಲಿ ನೇರ ಎರಡನೇ ಸ್ಥಾನ. ಒಂದನೆಯದರಲ್ಲಿ ಯಾರು? ಕ್ಲಿಫ್ ರಿಚರ್ಡ್! ಹೊಸವರ್ಷದ ಹಳೆಯ ಧಾಟಿಗೆ ಕ್ರೈಸ್ತರ ಪ್ರಾರ್ಥನೆ ಹೊಂದಿಸಿ ಹಾಡಿದ ಹಿರಿಯರು. ಕ್ಲಬ್ಬಿನ ಕೂಗಾಟವನ್ನು ಪ್ರಾರ್ಥನೆ ತಡೆಯಿತು. ಅದೂ ಲಖನೌದಲ್ಲಿ ಹುಟ್ಟಿದವರ ಪ್ರಾರ್ಥನೆ, ಹಾಗಾಗಿ ಇದರಲ್ಲಿ ನಮ್ಮ ದೇಶದ ಪಾಲೂ ಸ್ವಲ್ಪ ಇದೆ ಅನ್ನಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಉಳಿದದ್ದು ಓಟದಲ್ಲಿ: 2000ದಲ್ಲಿ ರೊಮಿನಾ ಜಾನ್ಸನ್ ಹಾಡಿದ ‘ಮೂವಿನ್ ಟೂ ಫಾಸ್ಟ್’ ಕೂಡ ಎರಡನೇ ಸ್ಥಾನ. ಅದೇ ವರ್ಷ ಜೋಡಿಯ ಆಲ್ಬಂ. ಹಿಲ್ ನಿರ್ಮಿಸಿದ ‘ಫಿಲ್ ಮಿ ಇನ್’ ಒಂದನೇ ಸ್ಥಾನಕ್ಕೇರಿತು. ಆದರೆ ಮುಖಪುಟದಲ್ಲಿ ಹೆಸರು ಕ್ರೇಗ್ ಡೇವಿಡ್‌ದು. 2001ರಲ್ಲಿ ಜೋಡಿ ಒಡೆಯಿತು.  ಡ್ರಮ್ ಕಡತ ಈ ಲ್ಯಾಪ್‌ಟಾಪಿನಲ್ಲಿದೆ; ಪೆನ್‌ಡ್ರೈವ್ ತಂದವರು ಮೇಲೆ ಬನ್ನಿ, 9ನೇ ಮನೆಗೆ ಕಿಕ್ ವಾಪಸ್ ಹಾಕಿ ಏನು ಕೆಡುತ್ತದೆ ಅಂತ ನೀವೇ ಕೇಳಿ.