ಒಂದನೇ ನಂಬರಿನ ಪ್ರೊಸೆಸ್

ಕೇಳುಗರೆಲ್ಲರಿಗೂ ನಮಸ್ಕಾರ.

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಕಲಿಯುತ್ತಿದ್ದ ದಿನಗಳಲ್ಲಿ ಒಂದು ರಾತ್ರಿ ಹಳೇ ಲ್ಯಾಪ್‌ಟಾಪಿನ ಮುಂದೆ ಕೂತು ಒಂದು ಸಾಲು ಟೈಪ್ ಮಾಡಿದೆ. ಕಿಲ್, ಮೈನಸ್ ಒಂಬತ್ತು, ಒಂದು. ಅದೂ ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರನಾಗಿ. ಕಿಲ್ ಅಂದರೆ ಓಡುತ್ತಿರುವ ಪ್ರೋಗ್ರಾಮಿಗೆ, ಅಂದರೆ ಪ್ರೊಸೆಸ್‌ಗೆ, ಸಿಗ್ನಲ್ ಎಂಬ ಪುಟ್ಟ ಸಂದೇಶ ಕಳಿಸುವ ಆಜ್ಞೆ. ಒಂಬತ್ತನೇ ಸಿಗ್ನಲ್ ಅಂದರೆ ಹಿಂದೆಮುಂದೆ ನೋಡದೆ ಮುಗಿಸಿಬಿಡುವ ಸಿಗ್ನಲ್. ಯಾವ ಪ್ರೋಗ್ರಾಮೂ ಅದನ್ನು ಹಿಡಿದು ನಿಲ್ಲಿಸಲು ಬರುವುದಿಲ್ಲ. ಒಂದು ಅಂದರೆ ಕಂಪ್ಯೂಟರ್ ಏಳುವಾಗ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನೆಲ್ ಶುರುಮಾಡುವ ಮೊದಲ ಪ್ರೊಸೆಸ್, ಇನಿಟ್. ಎಂಟರ್ ಒತ್ತಿ ಉಸಿರು ಬಿಗಿಹಿಡಿದು ಕೂತೆ. ಏನೂ ಆಗಲಿಲ್ಲ. ತಪ್ಪಾಯಿತು ಅಂತ ಒಂದು ಮಾತೂ ಬರಲಿಲ್ಲ. ಕರ್ಸರ್ ಕೆಳಗಿನ ಸಾಲಿಗಿಳಿದು ಸುಮ್ನೆ ಮಿನುಗುತ್ತಿತ್ತು.

ಯಾಕೆ ಹೀಗೆ? ನಾವು ಬಳಸುವ ಪ್ರೋಗ್ರಾಮುಗಳೆಲ್ಲ ಈ ಒಂದರ ಮಕ್ಕಳು, ಮೊಮ್ಮಕ್ಕಳು. ತಾಯಿ ಪ್ರೊಸೆಸ್ ಸತ್ತರೆ ಅನಾಥವಾದ ಮರಿಗಳನ್ನು ಸಾಮಾನ್ಯವಾಗಿ ಮಡಿಲಿಗೆ ಹಾಕಿಕೊಳ್ಳುವುದೂ ಇದೇ. ಇದು ಹೋದರೆ ಕರ್ನೆಲ್ ಮುಂದೆ ಹೆಜ್ಜೆ ಇಡುವುದಿಲ್ಲ. 'ಅಟೆಂಪ್ಟೆಡ್ ಟು ಕಿಲ್ ಇನಿಟ್' ಎಂದು ಬರೆದು ಇಡೀ ಯಂತ್ರವನ್ನೇ ನಿಲ್ಲಿಸುತ್ತದೆ. ಅದಕ್ಕೇ ಕರ್ನೆಲ್ ಅದಕ್ಕೊಂದು ಗುರುತು ಹಾಕಿಟ್ಟಿದೆ: ಸಿಗ್ನಲ್ ಅನ್‌ಕಿಲ್ಲಬಲ್. ನಿಯಮ ಸರಳ. ಯಾವ ಸಿಗ್ನಲ್‌ಗೆ ಇನಿಟ್ ತಾನಾಗಿ ಹ್ಯಾಂಡ್ಲರ್, ಅಂದರೆ ಅದು ಬಂದಾಗ ಏನು ಮಾಡಬೇಕೆಂಬ ಕೋಡ್, ಬರೆದುಕೊಂಡಿದೆಯೋ ಅದು ಮಾತ್ರ ತಲುಪುತ್ತದೆ. ಮಿಕ್ಕದ್ದನ್ನು ಕರ್ನೆಲ್ ದಾರಿಯಲ್ಲೇ ಎಸೆಯುತ್ತದೆ. ಒಂಬತ್ತಕ್ಕೆ ಹ್ಯಾಂಡ್ಲರ್ ಬರೆಯಲು ಯಾರಿಗೂ ಬರುವುದಿಲ್ಲ, ಹಾಗಾಗಿ ಅದು ತಲುಪುವುದೇ ಇಲ್ಲ. ಮೆಮೊರಿ ಖಾಲಿಯಾದಾಗ ಯಾರನ್ನು ಸಾಯಿಸಬೇಕು ಅಂತ ಹುಡುಕುವ ಓಓಎಂ ಕಿಲ್ಲರ್ ಕೂಡ ಇದನ್ನು ಮುಟ್ಟದೆ ಮುಂದೆ ಹೋಗುತ್ತದೆ.

ಆದರೆ ಈ ಕಾವಲು ಬೇರೆ ಪ್ರೊಸೆಸ್‌ಗಳು ಕೊಡುವ ಏಟಿಗೆ ಮಾತ್ರ. ಇನಿಟ್ ತಾನೇ ತಪ್ಪು ಮೆಮೊರಿಗೆ ಕೈಹಾಕಿದರೆ, ಅದಕ್ಕೆ ಹ್ಯಾಂಡ್ಲರ್ ಇಲ್ಲದಿದ್ದರೆ, ಕರ್ನೆಲ್ ಆ ಗುರುತನ್ನು ತೆಗೆದುಹಾಕುತ್ತದೆ. ಆಗ ಇನಿಟ್ ಸಾಯುತ್ತದೆ. ಇಂದು ಬಹಳಷ್ಟು ಲಿನಕ್ಸ್ ಯಂತ್ರಗಳಲ್ಲಿ ಇನಿಟ್ ಆಗಿರುವ ಸಿಸ್ಟಮ್‌ಡಿ ಬರೆದವರು ಇದನ್ನು ಯೋಚಿಸಿದ್ದಾರೆ. ಅದು ಒಂದನೇ ಪ್ರೊಸೆಸ್ ಆಗಿ ಓಡುತ್ತ ಕೆಟ್ಟರೆ, ಮಾಮೂಲಾಗಿ ಸಾಯದೆ ಇದ್ದಲ್ಲೇ ಹೆಪ್ಪುಗಟ್ಟಿ ನಿಲ್ಲುತ್ತದೆ. ಹೊಸ ಕೆಲಸ ಶುರುವಾಗುವುದಿಲ್ಲ, ಆದರೆ ಓಡುತ್ತಿದ್ದ ಪ್ರೋಗ್ರಾಮುಗಳು ಒಡನೆ ಬಿದ್ದುಹೋಗುವುದಿಲ್ಲ. ನನಗೆ ತುಂಬಾ ಹಿಡಿಸಿದ ಜಾಣತನ ಇದು.

ಈಗ ಕಂಟೇನರ್ ಮಾತು. ಕಂಟೇನರ್ ಅಂದರೆ ಒಂದು ಪ್ರೋಗ್ರಾಮನ್ನು ಉಳಿದವುಗಳಿಂದ ಬೇರ್ಪಡಿಸಿ ಓಡಿಸುವ ಡಬ್ಬಿ ಇದ್ದಂತೆ. ಡಾಕರ್ ಅದನ್ನು ಓಡಿಸುವ, ನಿಲ್ಲಿಸುವ ಸಾಧನ. 2008ರ ಆರಂಭದಲ್ಲಿ ಬಂದ 2.6.24 ಕರ್ನೆಲ್‌ನಲ್ಲಿ ಪಿಐಡಿ ನೇಮ್‌ಸ್ಪೇಸ್ ಸೇರಿತು. ಪಿಐಡಿ ಅಂದರೆ ಪ್ರೊಸೆಸಿನ ನಂಬರ್. ನೇಮ್‌ಸ್ಪೇಸ್ ಅಂದರೆ ಒಂದೇ ಯಂತ್ರದೊಳಗೆ ಆ ನಂಬರುಗಳಿಗೆ ಬೇರೆ ಬೇರೆ ಎಣಿಕೆ. ಡಾಕರ್ ಕಂಟೇನರ್ ಒಳಗೆ ನಾವು ಬರೆದ ಪ್ರೋಗ್ರಾಮೇ ಒಂದನೇ ನಂಬರ್. ನಂಬರ್ ಜೊತೆಗೆ ಆ ಕಾವಲೂ ಬಂತು. ಯಾರೂ ಕೇಳಿರಲಿಲ್ಲ, ಅಲ್ವಾ?

ಇದರ ಬಿಸಿ ನನಗೆ ತಟ್ಟಿದ್ದು ಹೀಗೆ. ಲೆಕ್ಕದ ಫೈಲ್ ಬರೆಯುವ ಒಂದು ಪೈಥಾನ್ ಪ್ರೋಗ್ರಾಮ್ ನನ್ನ ಕೈಯಲ್ಲಿತ್ತು. ಡಾಕರ್ ಸ್ಟಾಪ್ ಅಂದಾಗಲೆಲ್ಲ ಹತ್ತು ಸೆಕೆಂಡ್. ಒಂಬತ್ತೂ ಅಲ್ಲ, ಹನ್ನೊಂದೂ ಅಲ್ಲ. ಕಂಟೇನರ್ ನಿಧಾನ ಅಂದುಕೊಂಡು ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ದಿನ ಫೈಲ್ ತೆರೆದರೆ ಕೊನೆಯ ಸಾಲು ಅರ್ಧಕ್ಕೇ ತುಂಡಾಗಿತ್ತು.

ನಡೆದಿದ್ದು ಇಷ್ಟು. ಡಾಕರ್ ಮೊದಲು ಹದಿನೈದನೇ ಸಿಗ್ನಲ್ ಕಳಿಸುತ್ತದೆ. ಅದು ಟರ್ಮ್, ಮರ್ಯಾದೆಯಿಂದ 'ಮುಗಿಸಪ್ಪಾ' ಅನ್ನುವ ಸಿಗ್ನಲ್. ಪೈಥಾನ್ ತಾನಾಗಿ ಅದಕ್ಕೆ ಹ್ಯಾಂಡ್ಲರ್ ಹಾಕುವುದಿಲ್ಲ. ಬೇರೆ ನಂಬರ್ ಆಗಿದ್ದರೆ ಪ್ರೋಗ್ರಾಮ್ ತಕ್ಷಣ ಮುಗಿಯುತ್ತಿತ್ತು. ಒಂದನೇ ನಂಬರ್ ಆದ್ದರಿಂದ ಸಿಗ್ನಲ್ ಕಿವಿಗೇ ಬೀಳಲಿಲ್ಲ. ಹತ್ತು ಸೆಕೆಂಡ್ ಕಾದು ಡಾಕರ್ ಒಂಬತ್ತನ್ನು ಕಳಿಸಿತು. ಹೊರಗಿನ ನೇಮ್‌ಸ್ಪೇಸಿನಿಂದ ಬರುವ ಒಂಬತ್ತನ್ನು ಕರ್ನೆಲ್ ತಡೆಯುವುದಿಲ್ಲ. ಒಂದನೆಯದು ಸತ್ತರೆ ಆ ಕಂಟೇನರಿನ ಉಳಿದ ಪ್ರೊಸೆಸ್‌ಗಳೂ ಅದರ ಜೊತೆಗೇ ಹೋಗುತ್ತವೆ. ಬರೆಯುತ್ತಿದ್ದ ಸಾಲು ಮುಗಿಸಲು ಯಾರಿಗೂ ಪುರುಸೊತ್ತಿಲ್ಲ.

ಸರಿಪಡಿಸಲು ಎರಡು ದಾರಿ. ಡಾಕರ್ ರನ್ ಜೊತೆ ಇನಿಟ್ ಆಯ್ಕೆ ಕೊಟ್ಟರೆ ಟಿನಿ ಎಂಬ ಪುಟ್ಟ ಪ್ರೋಗ್ರಾಮ್ ಒಂದನೇ ಜಾಗದಲ್ಲಿ ಕೂತು ಸಿಗ್ನಲ್‌ಗಳನ್ನು ನಮ್ಮ ಪ್ರೋಗ್ರಾಮಿಗೆ ದಾಟಿಸುತ್ತದೆ. ಆದರೆ ಫೈಲ್ ಸರಿಯಾಗಿ ಮುಚ್ಚಬೇಕಾದರೆ ಹ್ಯಾಂಡ್ಲರ್ ನಾವೇ ಬರೆಯಬೇಕು. ನಾನು ಬರೆದೆ. ಟರ್ಮ್ ಬಂದರೆ ಕೈಯಲ್ಲಿರುವ ಸಾಲು ಮುಗಿಸು, ಫೈಲ್ ಮುಚ್ಚು, ಹೊರಡು. ನಾಲ್ಕೈದು ಸಾಲಿನ ಕೆಲಸ ಅಷ್ಟೇ. ಮತ್ತೆ ಡಾಕರ್ ಸ್ಟಾಪ್ ಕೊಟ್ಟು, ರೂಢಿಯಂತೆ ಮನಸ್ಸಿನಲ್ಲೇ ಎಣಿಸಲು ಶುರು ಮಾಡಿದೆ. ಎರಡು ಅನ್ನುವಷ್ಟರಲ್ಲಿ ಕರ್ಸರ್ ವಾಪಸ್ ಬಂದಿತ್ತು.

ನಮಸ್ಕಾರ.