5.15ರಿಂದ 6.20ರ ಒಳಗೆ: ಒಂದೇ ಪಾತ್ರೆಯ ಬೀಫ್ ಕೈಮಾ ಅನ್ನ

ನಮಸ್ಕಾರ ಎಲ್ರಿಗೂ. ಟೆಕ್ಸಸ್‌ನ ಇರ್ವಿಂಗ್‌ನಲ್ಲಿ ಈಗ ಸಂಜೆ 5 ಗಂಟೆ 15 ನಿಮಿಷ. ನಾನು ಆಫೀಸಿಂದ ಬಂದು ಶೂ ಬಿಚ್ಚಿದ್ದಷ್ಟೆ. ಹೆಂಡತಿ ನರ್ಸ್. ಈ ವಾರ ಅವಳಿಗೆ 3 ರಾತ್ರಿ ಡ್ಯೂಟಿ ಉಂಟು, ರಾತ್ರಿ 7ರಿಂದ ಬೆಳಿಗ್ಗೆ 7ರವರೆಗೆ. 6.20ಕ್ಕೆ ಅವಳು ಮನೆ ಬಿಡ್ಲೇಬೇಕು. ಮಗಳು, ಅವಳು, ನಾನು ಮೂವರೂ ಒಟ್ಟಿಗೆ ಕೂತು ಉಣ್ಣುವುದಿದ್ರೆ ಅದು ಈ ಒಂದು ಗಂಟೆ 5 ನಿಮಿಷದ ಒಳಗೇ ಆಗ್ಬೇಕು. ಅದಕ್ಕೇ ಈ ಅಡುಗೆ.

ಮೊದಲ ಕೆಲಸ ಅಕ್ಕಿ. 2 ಕಪ್ ಬಾಸ್ಮತಿ, ಮೂರು ನೀರಿನಲ್ಲಿ ತೊಳೆದು ನೆನೆ ಹಾಕಿ ಬದಿಗಿಟ್ಟೆ. ನಾನು ಮಂಗಳೂರಿನವನು, ನನ್ನ ಹೊಟ್ಟೆಗೆ ಇವತ್ತಿಗೂ ಕುಚ್ಚಲಕ್ಕಿಯೇ ಅನ್ನ. ಆದ್ರೆ ಅದು ಬೇಯುವಷ್ಟರಲ್ಲಿ ಅವಳು ಹೈವೇ ಮೇಲಿರ್ತಾಳೆ. ಕುಚ್ಚಲಕ್ಕಿ ಭಾನುವಾರಕ್ಕಿರಲಿ.

ಈಗ ನೀವು ನೋಡ್ತಿರುವುದು 1 ಪೌಂಡ್ ಗ್ರೌಂಡ್ ಬೀಫ್, ಸುಮಾರು 450 ಗ್ರಾಂ. ಪ್ಯಾಕೆಟ್ ಮೇಲೆ 85/15 ಅಂತ ಬರೆದುಂಟಲ್ಲ, 100ರಲ್ಲಿ 15 ಪಾಲು ಕೊಬ್ಬು ಅಂತ ಅರ್ಥ. 80/20 ತಕೊಂಡ್ರೆ ಅನ್ನದ ಮೇಲೆ ಎಣ್ಣೆ ನಿಲ್ತದೆ, 93/7 ತಕೊಂಡ್ರೆ ಒಣ ಒಣ. ನನಗೆ ಈ 85 ಸರಿ ಹೋಗಿದೆ. ಊರಲ್ಲಿ ಎಮ್ಮೆ ಕೈಮಾದಲ್ಲಿ ಮಾಡುವವರು 2 ಚಮಚ ಎಣ್ಣೆ ಹಾಕಿ, ಅದರಲ್ಲಿ ಕೊಬ್ಬು ಕಮ್ಮಿ.

ಕೈಮಾನೇ ಯಾಕೆ ಅಂತ ಹೇಳ್ಬೇಕು. ಮೊದಲ ಸಲ ನಾನು ಬೀಫ್ ತುಂಡು ತಂದಿದ್ದೆ, ಭುಜದ ಭಾಗದ್ದು. ಅಮ್ಮ ಭಾನುವಾರ ಚರ್ಚಲ್ಲಿ ಪೂಜೆ ಮುಗಿಸಿ ಬಂದು ಮಾಡುವ ಬಫಾತ್, ಅಂದ್ರೆ ನಮ್ಮ ಕಡೆಯ ಮಸಾಲೆ ಮಾಂಸದ ಸಾರು, ನೆನಪಲ್ಲಿತ್ತು. ತುಂಡುಗಳನ್ನು ಅಕ್ಕಿ ಜೊತೆಗೇ ಬೇಯಿಸ್ಲಿಕ್ಕೆ ಇಟ್ಟೆ. ಅಕ್ಕಿ ಮುದ್ದೆಯಾಯ್ತು, ಮಾಂಸ ರಬ್ಬರಿನ ಹಾಗೇ ಉಳೀತು. ಅವತ್ತು ಅವಳು ಎರಡು ತುಂಡು ಬ್ರೆಡ್ ತಿಂದು ಡ್ಯೂಟಿಗೆ ಹೋದಳು. ನನಗೆ ತುಂಬಾ ಬೇಜಾರಾಯ್ತು. ಭುಜದ ಮಾಂಸದ ಒಳಗೆ ನಾರು ಜಾಸ್ತಿ, ಅದು ಕರಗಿ ಮೆತ್ತಗಾಗ್ಲಿಕ್ಕೆ ಸಣ್ಣ ಉರಿಯಲ್ಲಿ ಒಂದೂವರೆ, ಎರಡು ಗಂಟೆ ಬೇಕು. ಅಮ್ಮನ ಹತ್ರ ಆ ಎರಡು ಗಂಟೆ ಇತ್ತು. ಕೈಮಾದಲ್ಲಿ ಆ ನಾರನ್ನು ಯಂತ್ರವೇ ಕತ್ತರಿಸಿ ಮುಗಿಸಿರ್ತದೆ.

ದಪ್ಪ ತಳದ ಪಾತ್ರೆ, ಚೆನ್ನಾಗಿ ಕಾದಿದೆ. ಎಣ್ಣೆ ಬೇಡ. ಕೈಮಾವನ್ನು ಅಕ್ಕಿ ರೊಟ್ಟಿ ತಟ್ಟಿದ ಹಾಗೆ ಇಡೀ ತಳಕ್ಕೆ ಒತ್ತಿಬಿಡಿ. ಈಗ 4 ನಿಮಿಷ ಸೌಟು ಮುಟ್ಟಬೇಡಿ. ಈ ಶಬ್ದ ಕೇಳಿ, ನಾನು ಮಾತಾಡುವುದಿಲ್ಲ.

ಕೇಳಿದ್ರಾ? ಮೊದಲು ಬುಸ್ ಅಂತ ಒದ್ದೆ ಶಬ್ದ, ಅದು ಮಾಂಸದ ನೀರು. ಆ ನೀರು ಆರುತ್ತಾ ಬಂದ ಹಾಗೆ ಚಟಚಟ ಶುರುವಾಗ್ತದೆ, ಈಗ ಕೊಬ್ಬಲ್ಲೇ ಹುರಿಯುತ್ತಾ ಉಂಟು ಅಂತ ಲೆಕ್ಕ. ಅಂಚು ಎತ್ತಿ ನೋಡಿ, ಕಂದು ಬಣ್ಣ. ಮೊದಲೇ ಕೈಯಾಡಿಸಿದ್ರೆ ಈ ಬಣ್ಣ ಬರುವುದಿಲ್ಲ. ಮಾಂಸ ತನ್ನ ನೀರಲ್ಲೇ ಬೆಂದು ಬೂದು ಬಣ್ಣಕ್ಕೆ ತಿರುಗ್ತದೆ, ಮತ್ತೆ ಎಷ್ಟು ಮಸಾಲೆ ಹಾಕಿದ್ರೂ ಆ ರುಚಿ ಸಿಗುವುದಿಲ್ಲ.

ಈಗ ಪುಡಿ ಮಾಡಿ. ಎರಡು ನೀರುಳ್ಳಿ ಸಣ್ಣಗೆ ಹೆಚ್ಚಿ ಅದೇ ಕೊಬ್ಬಿಗೆ ಹಾಕಿದೆ, ಒಂದೂವರೆ ಚಮಚ ಶುಂಠಿ ಬೆಳ್ಳುಳ್ಳಿ ಪೇಸ್ಟ್. 5 ನಿಮಿಷ. ಆಮೇಲೆ ದೊಡ್ಡ ಚಮಚದಲ್ಲಿ ಒಂದೂವರೆ ಚಮಚ ಬಫಾತ್ ಪುಡಿ. ಮಂಗಳೂರು ಕ್ಯಾಥೊಲಿಕ್ ಮನೆಗಳಲ್ಲಿ ಈ ಡಬ್ಬ ಇಲ್ಲದ ಅಡುಗೆಮನೆ ಇಲ್ಲ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಒಳ್ಳೆಮೆಣಸು, ಅರಸಿನ, ಇವು ಮುಖ್ಯ. ಉಳಿದದ್ದು ಒಂದೊಂದು ಮನೆಯಲ್ಲಿ ಒಂದೊಂದು ಲೆಕ್ಕ. ಇದು ಅಮ್ಮ ಕಳಿಸಿದ್ದು. ಬ್ಯಾಡಗಿ ಮೆಣಸಿನ ಗುಣ ನಿಮಗೆ ಗೊತ್ತಲ್ಲ, ಬಣ್ಣ ಜಾಸ್ತಿ, ಖಾರ ಕಮ್ಮಿ, ಹಾಗಾಗಿ 7 ವರ್ಷದ ಮಗಳೂ ಉಣ್ತಾಳೆ.

ಪಾತ್ರೆಯ ತಳ ನೋಡಿ. ಕಂದು ಪದರ ಅಂಟಿದೆ. ಎರಡು ಟೊಮೆಟೊ, ಒಂದು ಚಮಚ ವಿನೆಗರ್ ಹಾಕಿ ಮರದ ಸೌಟಲ್ಲಿ ಅದನ್ನು ಪೂರ್ತಿ ಕೆರೆದು ಎಬ್ಬಿಸಿ. ಇಲ್ಲಿ ಅವಸರ ಮಾಡ್ಬೇಡಿ ದಯವಿಟ್ಟು. ಈ ಪದರ ಎದ್ದು ಗೊಜ್ಜಿಗೆ ಸೇರಿದ್ರೆ ರುಚಿ. ತಳದಲ್ಲೇ ಬಿಟ್ಟು ಮೇಲೆ ಅಕ್ಕಿ ಸುರಿದ್ರೆ ಖಂಡಿತ ಸೀದು ಹೋಗ್ತದೆ, ಆ ವಾಸನೆ ಇಡೀ ಅನ್ನಕ್ಕೆ ಹಿಡೀತದೆ. ಎಲೆಕ್ಟ್ರಿಕ್ ಕುಕ್ಕರಲ್ಲಿ ಮಾಡುವವರಿಗೂ ಇದೇ ಮಾತು.

ನೆನೆದ ಅಕ್ಕಿ ಬಸಿದು ಹಾಕಿ, ಒಂದು ಕಪ್ ಫ್ರೋಜನ್ ಬಟಾಣಿ, ಉಪ್ಪು, ಎರಡು ಮುಕ್ಕಾಲು ಕಪ್ ಕುದಿಯುವ ನೀರು. ಟೊಮೆಟೊ ನೀರು ಬಿಡ್ತದೆ, ಅದಕ್ಕೇ 3 ಕಪ್ ಪೂರ್ತಿ ಹಾಕ್ಲಿಲ್ಲ. ನೀರು ರುಚಿ ನೋಡಿ, ಉಪ್ಪು ಒಂಚೂರು ಮುಂದೆ ಇರ್ಬೇಕು. ಒಂದು ಕುದಿ ಬಂದ ಕೂಡ್ಲೇ ಉರಿ ಪೂರ್ತಿ ತಗ್ಗಿಸಿ ಮುಚ್ಚಳ. 13 ನಿಮಿಷ. ಆಮೇಲೆ ಒಲೆ ಆರಿಸಿ, ಮುಚ್ಚಳ ತೆಗೀದೆ ಇನ್ನು 7 ನಿಮಿಷ. ಗ್ರೌಂಡ್ ಬೀಫ್ ಒಳಗೆ 160 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 71 ಸೆಲ್ಸಿಯಸ್ ಬಿಸಿ ಮುಟ್ಟಬೇಕು ಅಂತ ಇಲ್ಲಿ ಸರ್ಕಾರದ ಸಲಹೆ. ಅನ್ನದ ಜೊತೆ ಬೇಯುವಾಗ ಅದು ತಾನಾಗಿ ದಾಟ್ತದೆ.

ಈ 20 ನಿಮಿಷದಲ್ಲಿ ಮಗಳ ಹೋಮ್‌ವರ್ಕ್ ಒಂದು ಪುಟ, ಮೊಸರಿಗೆ ಸೌತೆಕಾಯಿ. ಹೆಂಡತಿ ಯೂನಿಫಾರ್ಮ್ ಹಾಕಿ ಬಂದು ಕೂದಲು ಕಟ್ಟಿಕೊಳ್ತಾ ಇಲ್ಲೇ ನಿಲ್ತಾಳೆ. ಏನೂ ದೊಡ್ಡ ಮಾತಿಲ್ಲ. ಆದ್ರೂ ಈ ನಿಲ್ಲುವುದು ನನಗೆ ಬೇಕು.

5.55. ಮುಚ್ಚಳ ತೆಗೀತೇನೆ. ಹಬೆ ನೋಡಿ! ಫೋರ್ಕಲ್ಲಿ ಬದಿಯಿಂದ ಮೆಲ್ಲಗೆ ಬಿಡಿಸಿ, ನಡುವಿಗೆ ಸೌಟು ಹಾಕಿ ತಿರುವಬೇಡಿ, ಬಾಸ್ಮತಿ ಮುರೀತದೆ.

ಉಣ್ಲಿಕ್ಕೆ ಕೂರುವ ಮೊದಲು ಒಂದು ಕೆಲಸ. ಅವಳು ರಾತ್ರಿ 2 ಗಂಟೆಗೆ ಉಣ್ಣುವ ಪಾಲನ್ನು ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡ್ತೇನೆ. ಇದನ್ನು ಅವಳೇ ನನಗೆ ಕಲಿಸಿದ್ದು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣ ಬೇಯಿಸಿದ್ರೂ ಸಾಯುವುದಿಲ್ಲ, ಅನ್ನ ಉಗುರುಬೆಚ್ಚಗೆ ಹೊತ್ತುಗಟ್ಟಲೆ ಇದ್ರೆ ಬೆಳೆದು ವಿಷ ಬಿಡ್ತದೆ. ಆ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗುವುದಿಲ್ಲ. ಹಾಗಾಗಿ ಬಿಸಿ ಅನ್ನ ಡಬ್ಬಕ್ಕೆ ತುಂಬಿ ಮುಚ್ಚುವ ಅಭ್ಯಾಸ ಬಿಟ್ಟೆ. ನಾವು ಉಣ್ಣುವಷ್ಟರಲ್ಲಿ ತಟ್ಟೆಯದ್ದು ಆರ್ತದೆ, ಡಬ್ಬಕ್ಕೆ ಹಾಕಿ ಐಸ್ ಪ್ಯಾಕ್ ಜೊತೆ ಚೀಲಕ್ಕೆ, ಆಸ್ಪತ್ರೆಯಲ್ಲಿ ಸೀದಾ ಫ್ರಿಜ್ಜಿಗೆ.

ಮೇಲೆ ನಿಂಬೆ, ಕೊತ್ತಂಬರಿ ಸೊಪ್ಪು. ಮೂರು ತಟ್ಟೆ.

ಮಗಳು ಬಟಾಣಿ ಎಲ್ಲ ಒಂದು ಬದಿಗೆ ಸೇರಿಸಿ ಕೊನೆಗೆ ತಿನ್ಲಿಕ್ಕೆ ಇಟ್ಟಿದ್ದಾಳೆ. ಹೆಂಡತಿ ಎರಡನೇ ಸಲ ಬಡಿಸಿಕೊಂಡಳು. ಗಡಿಯಾರ 6.08. ಇನ್ನೂ 12 ನಿಮಿಷ ಉಂಟು, ಕ್ಯಾಮೆರಾ ಆಫ್ ಮಾಡ್ತೇನೆ.