ನಿಮ್ಮ ಕಿಟಕಿಯನ್ನು ಒಮ್ಮೆ ಎತ್ತಿ ನೋಡಿ

ಎಲ್ಲರಿಗೂ ನಮಸ್ಕಾರ.

ಸ್ಲೈಡಿಂಗ್ ಕಿಟಕಿ, ಬಾಗಿಲುಗಳನ್ನು ಕೂರಿಸುವುದು, ರಿಪೇರಿ ಮಾಡುವುದು ನನ್ನ ಕೆಲಸ. 22 ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಇವತ್ತು ನಾನು ಹೇಳಬೇಕಾದದ್ದು ಒಂದೇ ಮಾತು. ಸ್ಲೈಡಿಂಗ್ ಕಿಟಕಿ ಪಕ್ಕಕ್ಕೆ ಸರಿಯುತ್ತದೆ, ಮೇಲಕ್ಕೂ ಏಳುತ್ತದೆ. ಎರಡನ್ನೂ ತಡೆಯಬೇಕು.

ಮೇಲಕ್ಕೆ ಏಳುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಏಳದಿದ್ದರೆ ನಮಗೆ ಅದನ್ನು ಕೂರಿಸಲಿಕ್ಕೇ ಆಗುತ್ತಿರಲಿಲ್ಲ. ಗಾಜು ಹಿಡಿದಿರುವ, ಸರಿಯುವ ಚೌಕಟ್ಟನ್ನು ನಾವು ಶಟರ್ ಅನ್ನುತ್ತೇವೆ. ಶಟರನ್ನು ಎತ್ತಿ ಮೊದಲು ಮೇಲಿನ ಚೌಕಟ್ಟಿನ ಸಂದಿಯೊಳಗೆ ತೂರಿಸುತ್ತೇವೆ. ಆಮೇಲೆ ಕೆಳಗಿನ ಟ್ರ್ಯಾಕಿನ ಮೇಲೆ ಇಳಿಸುತ್ತೇವೆ. ಹೋದ ದಾರಿಯಲ್ಲೇ ಅದು ವಾಪಸ್ಸೂ ಬರುತ್ತದೆ. ವರ್ಷ ಕಳೆದಂತೆ ಕೆಳಗಿನ ಗಾಲಿಗಳು ಸವೆಯುತ್ತವೆ. ಶಟರ್ ಕೆಳಗೆ ಕೂರುತ್ತದೆ, ಮೇಲಿನ ಸಂದಿ ಇನ್ನೂ ದೊಡ್ಡದಾಗುತ್ತದೆ.

ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಗೆಳೆಯನೊಬ್ಬ ಗಾಬರಿಯಲ್ಲಿ ಫೋನ್ ಮಾಡಿದ. ಅವನ ತಾಯಿ ಮನೆಯೊಳಗೆ ಒಬ್ಬರೇ ಇದ್ದರು. ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದರು. ಎಷ್ಟು ಕರೆದರೂ ಓಗೊಡುತ್ತಿರಲಿಲ್ಲ. ನಾನು ಹೋಗುವಷ್ಟರಲ್ಲಿ ಅವನು ಸುತ್ತಿಗೆ ಹಿಡಿದು ಹಿಂದಿನ ಗಾಜಿನ ಬಾಗಿಲ ಮುಂದೆ ನಿಂತಿದ್ದ. ಒಡೆಯಬೇಡ, ಒಳಗೆ ಅಮ್ಮ ಎಲ್ಲಿದ್ದಾರೋ ಗೊತ್ತಿಲ್ಲ ಅಂದೆ. ಬಾಗಿಲಿನ ಲಾಕ್ ಸರಿಯಾಗಿಯೇ ಬಿದ್ದಿತ್ತು. ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿ ಮೇಲಕ್ಕೆ ತಳ್ಳಿದೆ. ಲಾಕಿನ ಕೊಕ್ಕೆ ತಾನಾಗಿಯೇ ಕಳಚಿತು. ಶಟರ್ ಟ್ರ್ಯಾಕ್ ಬಿಟ್ಟು ಮೇಲೆ ಬಂತು. ಇಬ್ಬರೂ ಸೇರಿ ಇಳಿಸಿ ಗೋಡೆಗೆ ಒರಗಿಸಿದೆವು. ಒಂದು ನಿಮಿಷ ಕೂಡ ಹಿಡಿಯಲಿಲ್ಲ, ಒಂದು ಗೀರೂ ಬೀಳಲಿಲ್ಲ.

ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಕಾಲು ಉಳುಕಿತ್ತು, ಕೂಗಲು ತ್ರಾಣ ಇರಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಹುಷಾರಾದರು. ಎರಡು ದಿನ ಬಿಟ್ಟು ನೋಡಲು ಹೋದಾಗ ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಕೇಳಿದರು: "ಅಲ್ಲಪ್ಪಾ, ನೀನು ಬಂದ ಹಾಗೆ ಬೇರೆ ಯಾರಾದರೂ ಬರಬಹುದಲ್ವಾ?"

ಆ ಬಾಗಿಲನ್ನು ಕೂರಿಸಿದ್ದು ನಾನೇ. ಅಷ್ಟು ವರ್ಷ ಅವರು ಆ ಲಾಕನ್ನು ನಂಬಿ ಮಲಗಿದ್ದರು. ಎತ್ತಿದರೆ ಬರುತ್ತದೆ ಅಂತ ನಾನು ಒಂದು ಮಾತು ಹೇಳಿರಲಿಲ್ಲ. ಅವತ್ತಿನಿಂದ ಯಾರ ಮನೆಗೆ ಹೋದರೂ ಮೊದಲು ಇದನ್ನೇ ಹೇಳುತ್ತೇನೆ.

ಅವತ್ತೇ ಎರಡು ಕೆಲಸ ಮಾಡಿದೆ. ಮೊದಲನೆಯದು, ಶಟರನ್ನು ಪಕ್ಕಕ್ಕೆ ಸರಿಸಿ, ಅದು ಮುಚ್ಚಿದಾಗ ನಿಲ್ಲುವ ಜಾಗದಲ್ಲಿ ಮೇಲಿನ ಸಂದಿಗೆ ಎರಡು ಸ್ಕ್ರೂ ಹಾಕಿದೆ. ಪೂರ್ತಿ ಒಳಗೆ ಬಿಗಿಯಲಿಲ್ಲ. ಶಟರಿನ ತಲೆ ತಾಗದೆ ಹಾಯುವಷ್ಟು ಹೊರಗೆ ಬಿಟ್ಟೆ. ಈಗ ಅದು ಸರಾಗವಾಗಿ ಸರಿಯುತ್ತದೆ, ಆದರೆ ಮೇಲೇಳುವುದಿಲ್ಲ. ಎರಡನೆಯದು, ಕೆಳಗಿನ ಟ್ರ್ಯಾಕಿಗೆ ಒಂದು ಗಟ್ಟಿ ಮರದ ಪಟ್ಟಿ. ಹಳೆಯ ಬಾಗಿಲುಗಳ ಹಿಂದೆ ಅಡ್ಡ ಹಾಕುತ್ತಿದ್ದ ಅಗುಳಿ ಗೊತ್ತಲ್ಲ, ಅದನ್ನೇ ಟ್ರ್ಯಾಕಿನಲ್ಲಿ ಮಲಗಿಸಿದ ಹಾಗೆ. ಮುಚ್ಚಿದ ಶಟರಿನಿಂದ ಎದುರಿನ ಚೌಕಟ್ಟಿನವರೆಗೆ ಅಳೆದು, 2 ಅಥವಾ 3 ಮಿಲಿಮೀಟರ್ ಕಡಿಮೆ ಕತ್ತರಿಸಬೇಕು. ದುಂಡನೆಯ ಕೋಲು ಬೇಡ, ಅದು ಉರುಳಿ ಜಾಗ ಬಿಡುತ್ತದೆ. ತೆಳು ಪ್ಲಾಸ್ಟಿಕ್ ಪೈಪೂ ಬೇಡ, ಬಾಗುತ್ತದೆ.

ಇಲ್ಲಿ ಒಂದು ವಿಷಯ ದಯವಿಟ್ಟು ಗಮನಿಸಿ. ನಿಮ್ಮ ಕಿಟಕಿಯಲ್ಲಿ ಎರಡು ಶಟರ್ ಇದ್ದು ಎರಡೂ ಸರಿಯುತ್ತವೆ ಅಂದರೆ, ಪಟ್ಟಿ ಒಂದನ್ನು ಮಾತ್ರ ತಡೆಯುತ್ತದೆ. ಇನ್ನೊಂದು ಹೊರಗಿನ ಟ್ರ್ಯಾಕಿನಲ್ಲಿ ಆರಾಮವಾಗಿ ಸರಿಯುತ್ತದೆ. ಜನ ಪಟ್ಟಿ ಹಾಕಿ ನೆಮ್ಮದಿಯಾಗಿ ಮಲಗುತ್ತಾರೆ, ನನಗೆ ನಿದ್ದೆ ಬರುವುದಿಲ್ಲ! ಇಂಥ ಕಿಟಕಿಗೆ ಪಿನ್, ಅಂದರೆ ಮೊಳೆಯಂಥ ಗಟ್ಟಿ ಲೋಹದ ಕಡ್ಡಿ, ಒಳ್ಳೆಯದು. ನಡುವೆ ಎರಡು ಶಟರುಗಳ ಚೌಕಟ್ಟಿನ ಅಂಚುಗಳು ಒಂದರ ಹಿಂದೆ ಒಂದು ನಿಲ್ಲುತ್ತವಲ್ಲ, ಅಲ್ಲಿ ತೂತು ಮಾಡಿ ಒಳಗಿನಿಂದ ಪಿನ್ ತೂರಿಸುವುದು. ಒಂದು ಬಲಕ್ಕೆ ಹೋಗಬೇಕು, ಇನ್ನೊಂದು ಎಡಕ್ಕೆ ಹೋಗಬೇಕು. ಒಂದಕ್ಕೊಂದು ಕಟ್ಟಿಹಾಕಿದರೆ ಎರಡೂ ಕದಲುವುದಿಲ್ಲ. ಎತ್ತುವುದೂ ಕಷ್ಟವಾಗುತ್ತದೆ. ತೂತು ಕೊರೆಯುವಾಗ ಗಾಜಿನ ಅಂಚಿನಿಂದ ದೂರ ಇರಿ.

ಬಾಡಿಗೆ ಮನೆ, ತೂತು ಕೊರೆಯುವ ಹಾಗಿಲ್ಲ ಅನ್ನುವವರಿಗೆ ಕ್ಲಾಂಪ್ ಲಾಕ್ ಇದೆ. ಟ್ರ್ಯಾಕಿನ ಏಣನ್ನು ಕಚ್ಚಿ ಹಿಡಿಯುವ ಸಣ್ಣ ಹಿಡಿ ಅದು, ಬೆರಳಲ್ಲೇ ತಿರುಗಿಸುವ ಸ್ಕ್ರೂ ಇರುತ್ತದೆ. ಮನೆ ಬಿಡುವಾಗ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ. ಹಾಕುವ ಮೊದಲು ಟ್ರ್ಯಾಕಿನ ಧೂಳು, ಎಣ್ಣೆ ಒರೆಸಿ, ಇಲ್ಲದಿದ್ದರೆ ಜಾರುತ್ತದೆ. ಇಕ್ಕಳ ಹಿಡಿದು ಬಿಗಿಯಬೇಡಿ, ಅಲ್ಯೂಮಿನಿಯಂ ಸೊಟ್ಟಗಾಗುತ್ತದೆ. ಎರಡು ಶಟರಿಗೂ ಒಂದೊಂದು ಬೇಕು. ಆದರೆ ಇದೂ ಸರಿಯುವುದನ್ನು ಮಾತ್ರ ತಡೆಯುತ್ತದೆ. ಎತ್ತುವುದನ್ನು ತಡೆಯಲು ಮೇಲಿನ ಸಂದಿಯಲ್ಲಿ ಒಂದು ಮರದ ತುಂಡನ್ನಾದರೂ ಬಿಗಿಯಾಗಿ ಸಿಕ್ಕಿಸಿ.

ಇನ್ನು ಬೇಗ ಹೇಳುತ್ತೇನೆ. ಗಾಳಿಗೆ ಕಿಟಕಿ ತೆರೆದಿಡಬೇಕು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ ಅಂದರೆ 10 ಸೆಂಟಿಮೀಟರಿಗಿಂತ ಜಾಸ್ತಿ ತೆರೆಯದ ಹಾಗೆ ಕ್ಲಾಂಪ್ ಕೂರಿಸಿ. ಅದನ್ನು ಮೇಲಿನ ಟ್ರ್ಯಾಕಿಗೆ ಹಾಕಿ, ಮಗುವಿನ ಕೈಗೂ ಹೊರಗಿನವರ ಕೈಗೂ ಎಟುಕಬಾರದು. ಬೆಂಕಿ ಬಿದ್ದಾಗ ಹೊರಗೆ ಓಡಬೇಕಾದ ಕಿಟಕಿಗೆ, ಬಾಗಿಲಿಗೆ ಒಳಗಿನಿಂದ ತೆರೆಯಲು ಕೀಲಿ ಬೇಕಾಗುವ ಲಾಕ್ ಹಾಕಲೇಬೇಡಿ. ಹೊಗೆಯಲ್ಲಿ ಕೀಲಿ ಹುಡುಕಲು ಆಗುವುದಿಲ್ಲ. ಕತ್ತಲಲ್ಲಿ ಕೈಗೆ ಸಿಕ್ಕಿ, ಒಂದೇ ಎಳೆತಕ್ಕೆ ಬಿಚ್ಚಬೇಕು. ಮನೆಯ ದೊಡ್ಡವರೆಲ್ಲ ಕಣ್ಣು ಮುಚ್ಚಿಕೊಂಡು ಬಿಚ್ಚಿ ಅಭ್ಯಾಸ ಮಾಡಿ.

ಆ ಅಮ್ಮ ಇನ್ನೊಂದು ಪ್ರಶ್ನೆ ಕೇಳಿದ್ದರು. "ಎಲ್ಲ ಭದ್ರ ಮಾಡಿದೆ ಸರಿ, ನಾನು ಮತ್ತೆ ಬಿದ್ದರೆ ನೀವು ಹೇಗೆ ಬರುತ್ತೀರಿ?" ಮುಂಬಾಗಿಲಿನ ಒಳಚಿಲಕ ಬಿಡಿಸಿ, ಒಳಗಿನಿಂದ ಕೈಯಲ್ಲೇ, ಹೊರಗಿನಿಂದ ಕೀಲಿಯಲ್ಲಿ ತೆರೆಯುವ ಬೀಗ ಹಾಕಿಸಿದೆವು. ಒಂದು ಕೀಲಿ ಪಕ್ಕದ ಮನೆಯಲ್ಲಿದೆ. ಹಿಂದಿನ ಬಾಗಿಲ ಮರದ ಪಟ್ಟಿಗೆ ಅವರೇ ಒಂದು ಕೆಂಪು ದಾರ ಕಟ್ಟಿದ್ದಾರೆ, ಬಗ್ಗದೆ ಎಳೆಯಲು.

ಈಗ ರೇಡಿಯೋ ಪಕ್ಕದಿಂದ ಎದ್ದು ಹೋಗಿ. ಮುಚ್ಚಿದ ಶಟರಿನ ಎರಡೂ ಬದಿ ಹಿಡಿದು ನಿಧಾನವಾಗಿ ಎತ್ತಿ. ದೊಡ್ಡ ಬಾಗಿಲಾದರೆ ಇನ್ನೊಬ್ಬರು ಜೊತೆಗಿರಲಿ, ಗಾಜು ತುಂಬಾ ಭಾರ ಇರುತ್ತದೆ. ಕೆಳಗಿನ ಅಂಚು ಟ್ರ್ಯಾಕ್ ದಾಟುವಷ್ಟು ಮೇಲೆ ಬಂದರೆ, ಮೇಲಿನ ಸಂದಿಗೆ ಆ ಎರಡು ಸ್ಕ್ರೂ ಇವತ್ತೇ ಹಾಕಿಸಿ. ನಮಸ್ಕಾರ.